ಪಂಪ್‌ಹೌಸಿನ ವೈನು

೧೩ ಜನವರಿ ೧೯೭೯, ಶನಿವಾರ. ಹೊಸದುರ್ಗ

ಹಿರಿಯೂರಿನಿಂದ ಬಂದವನೇ ಕೈಕಾಲು ತೊಳೆದು ಬರೆಯಲು ಕುಳಿತಿದ್ದೇನೆ. ಹೆಂಡತಿ ಚಿತ್ತಮ್ಮ ಮೂಗು ಸಿಂಡರಿಸಿಕೊಂಡು ನನ್ನ ಅಂಗಿಯನ್ನು ಕೋಲಿನ ತುದಿಯಲ್ಲಿ ಎತ್ತಿ ಹಿತ್ತಲ ತಂತಿಗೆ ಹಾಕಿ ಬಂದಳು. "ಸಾಲೆ ಮೇಷ್ಟ್ರ ಅಂಗಿ ಹೆಂಡದಂಗಡಿ ವಾಸ್ನೆ ಹೊಡೀತೈತೆ" ಎಂದಳು. ಹೆಂಡ ಅಲ್ಲವೇ, ದ್ರಾಕ್ಷಿಯದು ಎಂದರೆ ಅವಳಿಗೆ ಎರಡೂ ಒಂದೇ. ನಮ್ಮ ಮ್ಯಾಸಬೇಡರ ಮನೆಗಳಲ್ಲಿ ಹೆಂಡ ಹೊಸ್ತಿಲು ದಾಟುವಂತಿಲ್ಲ, ಅದು ದೇವರ ಕಟ್ಟಳೆ. ಹಾಗಾಗಿ ಅವಳಿಗೆ ಎದುರು ಹೇಳಲು ನನಗೂ ಬಾಯಿಲ್ಲ. ಮನೆಯೊಳಗೆ ಒಂದು ಹನಿಯನ್ನೂ ತಂದಿಲ್ಲ ಎಂಬುದೊಂದೇ ಸಮಾಧಾನ.

ಇವತ್ತು ಪಂಚಿಯ ಪಂಪ್‌ಹೌಸಿನಲ್ಲಿ ಜಾಡಿಯಿಂದ ಬಾಟಲಿಗೆ ಇಳಿಸಿದೆವು. ಪಂಚಾಕ್ಷರಪ್ಪ ಎಂದು ಅವನನ್ನು ಕರೆಯುವುದು ಅವನ ಆಳುಕಾಳು ಮತ್ತು ಬ್ಯಾಂಕಿನವರು ಮಾತ್ರ. ನನಗೂ ಮುನಿಯಪ್ಪನಿಗೂ ಅವನು ಕಾಲೇಜಿನಿಂದಲೂ ಪಂಚಿ. ಆಗ ಮೂವರೂ ಚಿತ್ರದುರ್ಗದ ಬುರುಜನಹಟ್ಟಿಯ ಒಂದೇ ಕೋಣೆಯಲ್ಲಿದ್ದವರು. ಈಗ ಅವನು ಹಿರಿಯೂರಿನ ನಾಲೆ ಬಯಲಿನಲ್ಲಿ ದ್ರಾಕ್ಷಿ ತೋಟದ ಧಣಿ, ಮುನಿಯ ಹೊಳಲ್ಕೆರೆಯಲ್ಲಿ ತೋಟಗಾರಿಕೆ ಇಲಾಖೆ, ನಾನು ಇಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಎರಡು ವರ್ಷದಿಂದ ರಜೆ ಬಂದರೆ ಸಾಕು, ಮೂವರೂ ಆ ಪಂಪ್‌ಹೌಸಿನಲ್ಲಿ. ಮೊದಲ ವರ್ಷದ್ದು ಪೂರ್ತಿ ಹುಳಿಯಾಗಿ ನಾಲೆಗೆ ಸುರಿದದ್ದು ನೆನೆದು ಇವತ್ತೂ ನಕ್ಕೆವು. ದ್ರಾಕ್ಷಿರಸ ಒಂದೇ ಆದರೆ ಬರೀ ಸಿಹಿ ಹೊಡೆಯುತ್ತದೆ, ಬಾಗೂರು ಹಳ್ಳದ ನೇರಳೆ ಹುದುಗಿಸಿ ಬೆರೆಸಿ ನೋಡೋಣ ಎಂದು ಹೋದ ಜೂನಿನಲ್ಲಿ ಹೇಳಿದವನು ನಾನು. ಶಾಲೆಯ ಥರ್ಮಾಮೀಟರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅಷ್ಟು ದೂರ ಹೋಗಿ ಜಾಡಿಯ ಪಕ್ಕ ಮಲಗಿದವನೂ ನಾನೇ.

ಪಂಚಿ ಒಂದು ಗುಟುಕನ್ನು ಬಾಯಲ್ಲಿ ಆಡಿಸಿ, ಕಣ್ಣು ಮುಚ್ಚಿ, ತಡೆದು, "ಓಬಯ್ಯ, ಆತು ಕಣಲೇ!" ಎಂದ. ಅವನ ನಾಲಿಗೆ ಒಪ್ಪಿದ ಮೇಲೆ ಮುಗಿಯಿತು. ನನಗೆ ಒಗರು ಒಂದು ಕೂದಲೆಳೆ ಹೆಚ್ಚಾಯಿತೇನೋ ಅನ್ನಿಸಿತ್ತು. ಹೇಳಲಿಲ್ಲ. ಅವನು ಚೆನ್ನಾಗಿದೆ ಎಂದ ಮೇಲೆ ಚೆನ್ನಾಗಿಯೇ ಇರಬೇಕು.

ಬರುವ ಶನಿವಾರ ದುರ್ಗದಲ್ಲಿ ಹಣ್ಣು ಬೆಳೆಗಾರರ ಸಂಘದ ಊಟ ಮತ್ತು ದ್ರಾಕ್ಷಾರಸದ ಮೇಳ. ನಮ್ಮದೂ ಒಂದು ಮೇಜು ಇರುತ್ತದೆ. ಮೂವರ ಹೆಸರನ್ನೂ ಹಾಕಿಸೋಣವೇ ಎಂದು ಮುನಿಯ ಕೇಳಿದ. "ಅದೆಲ್ಲ ನಾನು ನೋಡ್ಕಂತೀನಿ, ನೀವು ಬರ್ರಿ ಸಾಕು" ಎಂದ ಪಂಚಿ.


೨೦ ಜನವರಿ, ಶನಿವಾರ. ಚಿತ್ರದುರ್ಗ

ಲಾಡ್ಜಿನ ಕೋಣೆಯಲ್ಲಿ ಬರೆಯುತ್ತಿದ್ದೇನೆ. ರಾತ್ರಿ ಊಟಕ್ಕೆ ಹೋಗಬೇಕೆಂದು ಪಂಚಿ ಕೆಳಗಿನಿಂದ ಕೂಗುತ್ತಿದ್ದಾನೆ. ಆದರೂ ಈ ಸಂತೋಷವನ್ನು ಆರಲು ಬಿಡಬಾರದು.

ಶಾಮಿಯಾನದೊಳಗೆ ಕಾಲಿಡುತ್ತಲೇ ಒಂದು ಕಡೆ ಜೋಳದ ರೊಟ್ಟಿ, ಎಣ್ಣೆಗಾಯಿ. ಇನ್ನೊಂದು ಕಡೆ ಮುದ್ದೆ, ಕುರಿ ಬಾಡಿನ ಸಾರು. ನಡುವೆ ವೈನಿನ ಮೇಜುಗಳು. ಅಬಕಾರಿಯವರು ಎರಡು ದಿನದ ಮಟ್ಟಿಗೆ ಅನುಮತಿ ಕೊಟ್ಟು, ಬಾಗಿಲಲ್ಲೇ ಒಬ್ಬ ಜವಾನನನ್ನೂ ಕೂರಿಸಿದ್ದಾರೆ. ಅವನಿಗೆ ಯಾರೋ ಮೊದಲೇ ರುಚಿ ತೋರಿಸಿದಂತಿತ್ತು. ಎಲ್ಲರಿಗೂ ಸಲಾಮು ಹೊಡೆಯುತ್ತಿದ್ದ.

ಮೂವರೂ ಮೇಜಿನಿಂದ ಮೇಜಿಗೆ ಹೋದೆವು. ಹೊಸದುರ್ಗದವರ ಗೋಡಂಬಿ ಹಣ್ಣಿನದು ಮೂಗಿಗೆ ಹತ್ತಿರ ತಂದರೇ ಕಣ್ಣಲ್ಲಿ ನೀರು. ನಮ್ಮೂರಿನದೆಂಬ ಅಭಿಮಾನಕ್ಕೆ ಎರಡನೆಯ ಸಲ ಕುಡಿದೆ, ಸಂಕಟವಾಯಿತು. ಒಬ್ಬರ ದಾಳಿಂಬೆಯದು ಬಣ್ಣದಲ್ಲಿ ಕುಂಕುಮ, ಬಾಯಲ್ಲಿ ಬರೀ ನೀರು. ಹೊಳಲ್ಕೆರೆ ಕಡೆಯ ಬಾಳೆಹಣ್ಣಿನದನ್ನು ಮುನಿಯ ತನ್ನ ತಾಲ್ಲೂಕಿನದೆಂದು ವಹಿಸಿಕೊಂಡು ಮಾತಾಡಿದ. "ಇದು ವೈನಲ್ಲಲೇ, ರಸಾಯನ. ದೋಸೆಗೆ ಹಚ್ಕಂಡು ತಿನ್ನು" ಎಂದ ಪಂಚಿ. ಭೀಮಸಮುದ್ರದ ಅಡಿಕೆ ಮಂಡಿಯವರು ನಾಲ್ಕೈದು ಜನ ಬಾಯಿತುಂಬ ಅಡಿಕೆ ಇಟ್ಟುಕೊಂಡೇ ಗ್ಲಾಸು ಎತ್ತುತ್ತಿದ್ದರು. "ಉಗುಳಿ ಕುಡೀರಪ್ಪ, ರುಚಿ ಗೊತ್ತಾಗ್ಬೇಕಲ್ಲ" ಎಂದರೆ, "ಅಡಕೆ ಇಲ್ದಿದ್ರೆ ನಮಗೆ ಅನ್ನದ ರುಚೀನೇ ಗೊತ್ತಾಗಲ್ಲ ಮೇಷ್ಟ್ರೆ" ಎಂದರು.

ಮುದ್ದೆ ಬಡಿಸುತ್ತಿದ್ದ ಬರಗೇರಮ್ಮ ಎಂಬಾಕೆ ನಮ್ಮನ್ನು ನೋಡಿ, "ಮೂರೂ ಜನ ಒಂದೇ ತಾಯಿ ಮಕ್ಕಳಂಗೆ ಓಡಾಡ್ತೀರಲ್ಲ, ಕುಂತ್ಕಳ್ರಿ" ಎಂದಳು. ಪಂಚಿ ನನ್ನ ಹೆಗಲ ಮೇಲೆ ಕೈ ಹಾಕಿ, "ಒಂದೇ ತಾಯಿ ಅಲ್ಲವ್ವ, ಒಂದೇ ಜಾಡಿ" ಎಂದ. ಅವನು ಬಾಡು ತಿನ್ನುವವನಲ್ಲ. ನನ್ನ ಎಲೆಯ ಪಕ್ಕ ಎಲೆ ಹಾಕಿಸಿಕೊಂಡು ರೊಟ್ಟಿ ತಿಂದ. ಇಪ್ಪತ್ತು ವರ್ಷದ ಕೆಳಗೆ ಹೇಗೋ ಹಾಗೆಯೇ.

ನಮ್ಮ ಮೇಜಿಗೆ ಜನ ಮತ್ತೆ ಮತ್ತೆ ಬಂದರು. ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ 'ಪಂಚಾಕ್ಷರಿ ಫಾರಂ, ಹಿರಿಯೂರು' ಎಂದಷ್ಟೇ ಅಚ್ಚಾಗಿತ್ತು. ಸಮಯ ಸಾಲದೆ ಹಾಗಾಗಿರಬೇಕು. ತೋಟ ಅವನದೇ ಅಲ್ಲವೇ.

ನಾಳೆ ತೀರ್ಪುಗಾರರು ಬರುತ್ತಾರೆ. ಬೆಂಗಳೂರಿನಿಂದ ದೊಡ್ಡ ವ್ಯಾಪಾರಿಯೊಬ್ಬರೂ ಬರುತ್ತಾರಂತೆ.


೨೧ ಜನವರಿ

ಸಂಜೆಯ ಬಸ್ಸಿಗೆ ಬಂದೆ. ಒಬ್ಬನೇ.

ನಮ್ಮದಕ್ಕೇ ಮೊದಲ ಬಹುಮಾನ.


೨೩ ಜನವರಿ, ಮಂಗಳವಾರ

ನಿನ್ನೆ ಒಂಬತ್ತನೆಯ ತರಗತಿಯಲ್ಲಿ ಪಾಠ ಮಾಡುತ್ತಾ ನಿಂತು ಹೋದೆನಂತೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಎಚ್ಚರವಾಯಿತು. ಬರೆದರಾದರೂ ತಲೆಯಿಂದ ಹೋದೀತೇ ನೋಡೋಣ.

ಭಾನುವಾರ ಬೆಳಿಗ್ಗೆ ತೀರ್ಪುಗಾರರ ಜೊತೆ ಆ ವ್ಯಾಪಾರಿಯೂ ಬಂದರು. ಬಿಳಿ ಸಫಾರಿ, ತಣ್ಣನೆಯ ಮಾತು. ನಮ್ಮ ಮೇಜಿನ ಹಿಂದೆ ಪಂಚಿ, ಮುನಿಯ ನಿಂತಿದ್ದರು. ನಾನು ಬಾಟಲಿಗೆ ಒದ್ದೆ ಟವೆಲ್ಲು ಸುತ್ತಿಕೊಂಡು ಗ್ಲಾಸಿಗೆ ಹಾಕುತ್ತಿದ್ದೆ. ಬಾಟಲಿಯನ್ನು ಅಲುಗಿಸದೆ ಹಾಕಬೇಕು, ತಳದ ಗಸಿ ಏಳಬಾರದು. ಆ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ಆ ಮನುಷ್ಯ ಒಂದು ಗುಟುಕು ಕುಡಿದರು. ಮತ್ತೊಂದು ಗುಟುಕು.

"ಯಾರು ಮಾಡಿದ್ದು ಇದನ್ನ?"

"ನಾನೇ ಸಾರ್, ನಮ್ಮ ತೋಟದ್ದೇ" ಎಂದ ಪಂಚಿ.

"ಈ ಒಗರು ಎಲ್ಲಿಂದ ಬಂತು?"

"ನೇರಳೆ ಸಾರ್. ನನ್ನದೇ ಐಡಿಯಾ."

ಆಗಲೂ ನನಗೆ ಏನೂ ಅನ್ನಿಸಲಿಲ್ಲ. ನಾನು ಅಂದರೂ ನಾವು ಅಂದರೂ ಒಂದೇ ಎಂದುಕೊಂಡೆ. ಅವರು ತಿರುಗಿ ನನ್ನನ್ನು ನೋಡಿ, "ಇವರು?" ಎಂದು ಕೇಳಿದರು. ನಾನು ನಮಸ್ಕಾರ ಮಾಡಲು ಬಾಟಲಿಯನ್ನು ಕೆಳಗಿಡುತ್ತಿದ್ದೆ.

"ಇವ್ನಾ? ನಮ್ಮ ತೋಟದ ಆಳು ಸಾರ್. ಜಾಡಿ ಗೀಡಿ ತೊಳಕಂಡಿರ್ತಾನೆ."

ಅದನ್ನು ಹೇಳುವಾಗ ಪಂಚಿಯ ದನಿ ಸ್ವಲ್ಪವೂ ಅಳುಕಲಿಲ್ಲ. ತಮಾಷೆಗೆ ಹೇಳಿದ, ಈಗ ನಗುತ್ತಾನೆ ಎಂದು ಅವನ ಮುಖವನ್ನೇ ನೋಡಿದೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ. ಮುನಿಯನನ್ನು ನೋಡಿದೆ. ಅವನು ಶಾಮಿಯಾನದ ಗೂಟ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುವವನ ಹಾಗೆ ಅತ್ತ ತಿರುಗಿ ನಿಂತಿದ್ದ.

ಆ ವ್ಯಾಪಾರಿ ತಲೆ ಆಡಿಸಿ ಖಾಲಿ ಗ್ಲಾಸನ್ನು ನನ್ನ ಕಡೆ ಚಾಚಿದರು. ಆಳಿನ ಕಡೆ ಚಾಚಿದರು, ಅವರ ತಪ್ಪೇನೂ ಇಲ್ಲ. ನಾನು ಇಸಕೊಂಡೆ. ಇಸಕೊಂಡದ್ದಷ್ಟೇ ಅಲ್ಲ, ಬಕೆಟ್ಟಿನಲ್ಲಿ ಅದ್ದಿ, ತೊಳೆದು, ಒರೆಸಿ ಇಟ್ಟೆ. ಯಾಕೆ ತೊಳೆದೆ? ಎರಡು ದಿನದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. 'ನಾನು ಹೊಸದುರ್ಗ ಹೈಸ್ಕೂಲಿನ ಓಬಯ್ಯ' ಎನ್ನಲು ಎಷ್ಟು ಹೊತ್ತು ಬೇಕಿತ್ತು?

ಬಹುಮಾನ ಹೇಳಿದಾಗ ಪಂಚಿಯ ಕೊರಳಿಗೆ ಹಾರ ಹಾಕಿದರು. ಚಪ್ಪಾಳೆ ಜೋರಾಗಿತ್ತು. ನಾನೂ ತಟ್ಟಿದೆನೋ ಏನೋ ನೆನಪಿಲ್ಲ. ಲಾಡ್ಜಿನಿಂದ ಚೀಲ ತಂದು ಬಸ್ ಸ್ಟಾಂಡಿಗೆ ನಡೆದೆ.

ಚಿತ್ತಮ್ಮನಿಗೆ ಹೇಳಿಲ್ಲ. "ಬವುಮಾನ ಬಂತಂತಲ್ಲ, ಯಾಕೆ ಹಿಂಗಿದೀರಿ?" ಎಂದು ಕೇಳಿದಳು. ತಲೆನೋವು ಎಂದೆ. ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ.


೪ ಫೆಬ್ರವರಿ, ಭಾನುವಾರ

ಮನಸ್ಸು ಹಗುರವಾಗಿದೆ. ಪಂಚಿ ಬಂದಿದ್ದ.

ಬಾಗಿಲ ಮುಂದೆ ಜಾವಾ ಬೈಕು ನಿಲ್ಲಿಸಿ, ಬಾಳೆಗೊನೆ ಹೊತ್ತುಕೊಂಡೇ ಒಳಗೆ ಬಂದ. "ಓಬಯ್ಯ, ಸಿಟ್ಟಾಗಿದೀಯ. ನಂಗೊತ್ತು. ಬೈ, ಬೈದು ಮುಗಿಸು" ಎಂದು ಚಾಪೆಯ ಮೇಲೆ ಕುಳಿತ. ಆಮೇಲೆ ಮೆಲ್ಲಗೆ ಹೇಳಿದ: "ನಿನ್ನ ಸಲುವಾಗೇ ಕಣೋ ಹಂಗಂದಿದ್ದು. ದಿಲ್ಲಿಯೋರು ಪಾನನಿರೋಧ ಪಾನನಿರೋಧ ಅಂತ ಕುಣಿಯಾಕತ್ಯಾರೆ. ಹೈಸ್ಕೂಲ್ ಮೇಷ್ಟ್ರು ವೈನ್ ಮಾಡ್ತಾನೆ ಅಂತ ಪೇಪರ್ನಾಗೆ ಬಂದ್ರೆ ನಿನ್ನ ನೌಕರಿ ಉಳೀತಿತ್ತಾ? ಅಲ್ಲೇ ಪೇಪರ್ನೋನು ಬರ್ಕಂಡು ನಿಂತಿದ್ದ."

ಹೌದು, ಪತ್ರಿಕೆಯವನೊಬ್ಬ ಇದ್ದ. ನಾನು ಅದನ್ನು ಯೋಚಿಸಿರಲೇ ಇಲ್ಲ. ಆ ಗಳಿಗೆಯಲ್ಲಿ ಅಷ್ಟೆಲ್ಲ ಲೆಕ್ಕ ಹಾಕಿ ನನ್ನನ್ನು ಉಳಿಸಿದವನನ್ನು ಎಷ್ಟು ಶಪಿಸಿದೆ! ನಾಚಿಕೆಯಾಯಿತು. ಅವನನ್ನು ಕಳಿಸಲು ಪೇಟೆಯ ತನಕ ಹೋಗಿ ಕಾಫಿ ಕುಡಿದು ಬಂದೆ.

ಚಿತ್ತಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬಂದ ಮೇಲೆ ಪೂರ್ತಿ ಏನಾಯಿತು ಎಂದು ಕೇಳಿದಳು. ಹೇಳಿದೆ. ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ, "ನೌಕರಿಗೆ ತೊಂದ್ರೆ ಆಗ್ಬಾರ್ದು ಅಂದ್ರೆ ಹೆಸ್ರು ಹೇಳದಿದ್ರಾತು. ನಮ್ಮ ಕಡೇರು ಅನ್ನಬೌದಿತ್ತು, ಗೆಳೆಯ ಅನ್ನಬೌದಿತ್ತು. ಆಳು ಯಾಕಂದ್ರು?" ಎಂದಳು.

"ನಿನಗೆ ತಿಳಿಯಲ್ಲ ಸುಮ್ನಿರು" ಎಂದು ರೇಗಿದೆ. ಮೊರದ ಸದ್ದು ಮತ್ತೆ ಶುರುವಾಯಿತು.


೧೧ ಫೆಬ್ರವರಿ

ಆಳು ಯಾಕೆ?

ಇವತ್ತು ಸ್ನಾನ ಮಾಡುವಾಗ ಬುರುಜನಹಟ್ಟಿಯ ಕೋಣೆ ನೆನಪಾಯಿತು. ಕೋಣೆ ಪಂಚಿಯ ಹೆಸರಿನಲ್ಲಿತ್ತು. ನಾನು ಬಂದು ಸೇರಿಕೊಂಡ ಮೇಲೆ ಮನೆಯ ಯಜಮಾನರು ಒಂದು ದಿನ ಬಾಗಿಲಲ್ಲಿ ನಿಂತು, ಈ ಹುಡುಗ ಯಾರು, ಯಾವ ಪೈಕಿ ಎಂದು ಕೇಳಿದ್ದರು. "ಅಡಿಗೆಗೆ ಇಟ್ಕಂಡಿದೀನಿ ಗೌಡ್ರೆ" ಎಂದಿದ್ದ ಪಂಚಿ. ಅವನ ಮನೆಯವರ ಪೈಕಿ ಅಡಿಗೆಗೆ ನಮ್ಮವರನ್ನು ಇಟ್ಟುಕೊಳ್ಳುವುದುಂಟೇ ಎಂದು ಅವರು ಅನುಮಾನಿಸಿದಾಗ, "ಅಡಿಗೆ ಅಂದ್ರೆ ನೀರು ತರೋದು, ಪಾತ್ರೆ ತೊಳೆಯೋದು" ಎಂದು ತಿದ್ದಿದ. ಅವರು ಹೋದ ಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. ಎಷ್ಟೋ ದಿನ ಅದೇ ತಮಾಷೆ: "ಲೇ ಅಡಿಗೆಯೋನೆ, ನೀರು ತಾರೋ." ತರುತ್ತಿದ್ದೆ.

ಅದು ತಮಾಷೆಯೇ ಆಗಿತ್ತು. ಆಗ ಬೇರೆ ದಾರಿಯೂ ಇರಲಿಲ್ಲ, ಇಲ್ಲದಿದ್ದರೆ ನನಗೆ ಕೋಣೆ ಸಿಗುತ್ತಿರಲಿಲ್ಲ. ಪಂಚಿಯ ಉಪಕಾರ ಅದು.

ಆದರೆ ಇವತ್ತು ನಗು ಬರಲಿಲ್ಲ.


೧೮ ಮಾರ್ಚ್, ಭಾನುವಾರ

ಮುನಿಯನನ್ನು ಹುಡುಕಿಕೊಂಡು ಹೋಗಿ ಬಂದೆ. ಅವನು ನನ್ನ ಎರಡು ಕಾಗದಕ್ಕೂ ಉತ್ತರ ಬರೆದಿರಲಿಲ್ಲ. ರಾಮಗಿರಿಯಲ್ಲಿ ಅವನ ಹೆಂಡತಿ ಹುಲಿಗೆಮ್ಮನ ತವರು. ಭಾನುವಾರ ಅಲ್ಲಿರುತ್ತಾನೆಂದು ಗೊತ್ತಿತ್ತು. ಹೊಸದುರ್ಗ ರೋಡ್ ಸ್ಟೇಷನ್ನಿಗೆ ಬಸ್ಸಿನಲ್ಲಿ ಹೋಗಿ ಪ್ಯಾಸೆಂಜರ್ ಗಾಡಿ ಹತ್ತಿದೆ.

ನನ್ನನ್ನು ಬಾಗಿಲಲ್ಲಿ ನೋಡಿ ಅವನ ಮುಖ ಬಿಳಿಚಿತು. "ಮನ್ಯಾಗೆ ಬ್ಯಾಡ, ಸ್ಟೇಷನ್ ಕಡೆ ಹೋಗಾಣ ಬಾ" ಎಂದ. ಪ್ಲಾಟ್‌ಫಾರಂ ಕೊನೆಯ ಬೇವಿನ ಮರದ ಕಟ್ಟೆಯ ಮೇಲೆ ಕುಳಿತೆವು. ಎದುರಿಗೆ ಕರಿಸಿದ್ಧನ ಬೆಟ್ಟ ಬಿಸಿಲಿಗೆ ಕಾದು ನಿಂತಿತ್ತು. ಮೇಳದಲ್ಲಿ ನೀನು ಯಾಕೆ ಸುಮ್ಮನಿದ್ದೆ ಎಂದು ಕೇಳಲು ಹೋಗಿದ್ದೆ ಅಷ್ಟೇ. ಅವನು ಬೇರೆಯದೇ ಹೇಳಿದ.

ಆ ಬೆಂಗಳೂರಿನ ವ್ಯಾಪಾರಿ ಮೇಳಕ್ಕೆ ಮೊದಲೇ, ಡಿಸೆಂಬರಿನಲ್ಲೇ, ಪಂಪ್‌ಹೌಸಿಗೆ ಬಂದು ರುಚಿ ನೋಡಿ ಹೋಗಿದ್ದರಂತೆ. ಮೇಳದಲ್ಲಿ ನನ್ನ ಕಣ್ಣೆದುರು ಕೇಳಿದ ಪ್ರಶ್ನೆಗಳೆಲ್ಲ ಬರೀ ಜನಕ್ಕೆ ಕೇಳಿಸಲು. ಹಿರಿಯೂರಿನಲ್ಲಿ ಕಾರ್ಖಾನೆ ಮಾಡುವುದೆಂದು ಆಗಲೇ ಮಾತಾಗಿತ್ತು. ಪಾಲುದಾರರು ಆ ವ್ಯಾಪಾರಿ, ಪಂಚಿ, ಮತ್ತೆ...

"ಮತ್ತೆ?"

"ನಾನು ಸರ್ಕಾರಿ ನೌಕರ, ನನ್ನ ಹೆಸ್ರು ಬರಂಗಿಲ್ಲ" ಎಂದ ಮುನಿಯ. ನೆಲ ನೋಡುತ್ತಿದ್ದ. "ಹುಲಿಗೆಮ್ಮನ ಹೆಸ್ರು ಕೂರ್ಸ್ಯಾರೆ."

ಒಂದು ಗೂಡ್ಸ್ ಗಾಡಿ ಬಂತು. ಅದು ಹೋಗಿ ಮುಗಿಯುವ ತನಕ ಮಾತಾಡುವಂತಿರಲಿಲ್ಲ. ಅಷ್ಟು ಹೊತ್ತಿನಲ್ಲಿ ನನಗೆ ಹೊಳೆಯಿತು.

"ನಾನೂ ಸರ್ಕಾರಿ ನೌಕರನೇ ಅಲ್ವೇನೋ? ಹುಲಿಗೆಮ್ಮನ ಹೆಸ್ರು ಕೂತಂಗೆ ಚಿತ್ತಮ್ಮನ ಹೆಸ್ರು ಕೂತ್ಕಳ್ತಿರ್ಲಿಲ್ವಾ?"

ಅವನು ಕಟ್ಟೆಯ ಮೇಲೆ ಬಿದ್ದ ಬೇವಿನೆಲೆಗಳನ್ನು ಕೈಯಿಂದ ಸರಿಸಿದ. ಆಮೇಲೆ, "ಕೇಳ್ದೆ ಕಣಪ್ಪ. ದೇವರಾಣೆ ಕೇಳ್ದೆ" ಎಂದ. "ಓಬಯ್ಯನ ಮನೇರದ್ದು ಅಂತ ಗೊತ್ತಾದ್ರೆ ನಮ್ಮ ಕಡೇರು ಬಾಟ್ಲಿ ಮುಟ್ಟಲ್ಲ, ಅವನ ಕೈ ಇರ್ಲಿ ಹೆಸ್ರು ಬ್ಯಾಡ ಅಂದ ಪಂಚಿ."

"ನೀನೇನಂದೆ?"

"ಬ್ಯಾಸರ ಮಾಡ್ಕಂತಾನೆ ಕಣೋ ಅಂದೆ. ಅದಕ್ಕೆ ಪಂಚಿ, 'ಅವ್ನು ಕೇಳಲ್ಲ ಬಿಡು. ಓಬಯ್ಯ ಯಾವತ್ತು ಏನು ಕೇಳ್ಯಾನೆ?' ಅಂದ."

ಜಾತಿಯ ಮಾತು ನನಗೆ ಹೊಸದಲ್ಲ. ಊರಿನಲ್ಲಿ ಹುಟ್ಟಿ ಬೆಳೆದವನು, ಕೇಳಿ ಕೇಳಿ ಚರ್ಮ ಗಟ್ಟಿಯಾಗಿದೆ. ಎರಡನೆಯ ಮಾತೇ ಒಳಗೆ ಇಳಿಯಿತು. ಅಷ್ಟು ಚೆನ್ನಾಗಿ ನನ್ನನ್ನು ಬಲ್ಲವನು ಬೇರೆ ಯಾರಿದ್ದಾರೆ? ನನ್ನ ಸ್ನೇಹವನ್ನು ಅವನು ಇಪ್ಪತ್ತು ವರ್ಷ ರುಚಿ ನೋಡಿ, ಇದು ಎಂದೂ ಹುಳಿಯಾಗುವುದಿಲ್ಲ ಎಂದು ತಿಳಿದುಕೊಂಡಿದ್ದಾನೆ.

ಮುನಿಯ ಊಟಕ್ಕೆ ಬಾ ಎಂದ. ಹುಲಿಗೆಮ್ಮ ಕೋಳಿ ಮಾಡುತ್ತಿದ್ದಾಳೆ ಎಂದ. ಎಷ್ಟು ವರ್ಷದ ಗೆಳೆಯ, ಕುರಿ ತಿಂದರೂ ನಾವು ಮ್ಯಾಸರು ಕೋಳಿ ಮುಟ್ಟುವುದಿಲ್ಲ ಎಂಬುದೂ ಆ ಹೊತ್ತಿನಲ್ಲಿ ಅವನಿಗೆ ಮರೆತುಹೋಗಿತ್ತು. ಬರುವ ಗಾಡಿಗೆ ಕಾಯುತ್ತಾ ಅಲ್ಲೇ ಕುಳಿತೆ. ಅವನು ಕೂಡ ಎದ್ದು ಹೋಗಲಿಲ್ಲ. ಗಾಡಿ ಬಂದಾಗ ಚೀಲ ಎತ್ತಿ ಕೊಡಲು ಕೈ ಚಾಚಿದ. ಕೊಡಲಿಲ್ಲ.


೧೯ ಮಾರ್ಚ್

ಚಿತ್ತಮ್ಮನಿಗೆ ಹೇಳಿದೆ. ಅಂದೇ ಕೇಳಿದೆನಲ್ಲ ಎಂದು ಅವಳು ಆಡಲಿಲ್ಲ. ಕಣ್ಣು ಒರೆಸಿಕೊಂಡಳು. ಇನ್ನೊಂದು ಮುದ್ದೆ ಹಾಕಲು ಬಂದಳು.

ಉಂಡೆ.


೮ ಏಪ್ರಿಲ್, ಭಾನುವಾರ

ಹಿರಿಯೂರು ಬಸ್ಸಿನ ಕಂಡಕ್ಟರ್ ಶಿವಯ್ಯನ ಕೈಲಿ ಪಂಚಾಕ್ಷರಪ್ಪ ಹೇಳಿ ಕಳಿಸಿದ್ದ: "ಹಣ್ಣು ಬಂದವೆ, ಮೇಷ್ಟ್ರನ್ನ ಬರಾಕೆ ಹೇಳು. ಥರ್ಮಾಮೀಟರ್ ಮರೀಬ್ಯಾಡ ಅನ್ನು."

ಏನೂ ಆಗಿಲ್ಲವೆಂಬಂತೆ! ಸಿಟ್ಟಿಗೆ ಮೈ ಉರಿಯಿತು. ಆದರೂ ಇವತ್ತು ಬೆಳಿಗ್ಗೆ ಚೀಲದಲ್ಲಿ ಒಂದು ಪಂಚೆ, ಟವೆಲ್ಲು ತುರುಕಿಕೊಂಡು ಬಸ್ ಸ್ಟಾಂಡಿಗೆ ಹೋದೆ. ಹಣ್ಣು ಹಿಂಡುವ ದಿನ ಆ ಪಂಪ್‌ಹೌಸಿನಲ್ಲಿ ಏಳುವ ವಾಸನೆ ಮೂಗಿನಲ್ಲೇ ಇತ್ತು. ಬಸ್ಸು ಬಂತು. ಶಿವಯ್ಯ ಮೆಟ್ಟಿಲ ಮೇಲೆ ನಿಂತು, "ಬರ್ರಿ ಮೇಷ್ಟ್ರೆ, ಸೀಟು ಐತೆ" ಎಂದ. "ಇಲ್ಲ ಕಣಪ್ಪ, ಯಾರನ್ನೋ ಕಳಿಸೋಕೆ ಬಂದಿದ್ದೆ" ಎಂದೆ. ಬಸ್ಸು ಹೊರಟಿತು.

ಚೀಲ ಹಿಡಿದು ಹಿಂದಕ್ಕೆ ಬಂದದ್ದನ್ನು ಚಿತ್ತಮ್ಮ ನೋಡಿದಳು. ಪಂಚೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಮಧ್ಯಾಹ್ನ ಇಬ್ಬರೂ ಹುಣಸೆಹಣ್ಣು ಬಿಡಿಸುತ್ತಾ ಕುಳಿತೆವು. ಅವಳ ತವರಿನ ಕಥೆಗಳೆಲ್ಲ ಬಂದವು. ಅವಳಿಗೆ ಅಷ್ಟು ಚೆನ್ನಾಗಿ ಜನರನ್ನು ಅಣಕಿಸಲು ಬರುತ್ತದೆಂದು ಗೊತ್ತಿರಲಿಲ್ಲ.


೨೪ ಜೂನ್, ಭಾನುವಾರ. ಬಾಗೂರು

ಅತ್ತೆಯ ಮನೆಗೆ ಬಂದಿದ್ದೇವೆ. ಹಳ್ಳದ ನೇರಳೆ ಮರಗಳು ಕರ್ರಗೆ ತೊನೆಯುತ್ತಿವೆ. ಹೋದ ವರ್ಷ ಇದೇ ಮರಗಳ ಹಣ್ಣನ್ನು ಬುಟ್ಟಿಗಟ್ಟಲೆ ಹಿರಿಯೂರಿಗೆ ಹೊತ್ತಿದ್ದೆ. ಈ ಸಲ ಅವನು ಯಾರಿಂದಲೋ ತರಿಸಿಕೊಂಡಿರುತ್ತಾನೆ. ಅದು ನೆನಪಾಗಿ ನಿನ್ನೆ ಹಣ್ಣು ಆರಿಸುವುದನ್ನು ಬಿಟ್ಟು ಮರದ ಕೆಳಗೇ ಕುಳಿತೆ. ಮೋಸ ಹೋದವನಿಗೆ ಜಾಗವೆಲ್ಲ ಮುಳ್ಳು.

ಚಿತ್ತಮ್ಮ ಸೆರಗಿನಲ್ಲಿ ಹಣ್ಣು ತುಂಬಿಕೊಂಡು ಬಂದು, "ಹಣ್ಣೇನು ಮಾಡೈತ್ರಿ? ಏಳ್ರಿ, ಸರಬತ್ತು ಮಾಡಾಣ" ಎಂದಳು. ಅತ್ತೆ ಯಲ್ಲಕ್ಕ ಬಾಣಲೆ ಹೊರಗೆ ತಂದರು. ಇವತ್ತು ಇಡೀ ದಿನ ಅದೇ ಕೆಲಸ. ಚಿತ್ತಮ್ಮ ಬೆಲ್ಲ ಇನ್ನೂ ಹಾಕಿ ಎಂದಳು, ಅತ್ತೆ ಸಾಕು ಎಂದರು. ನಾನು ನಾಲಿಗೆಗೆ ಒಂದು ಹನಿ ಇಟ್ಟು, ಬೆಲ್ಲ ಸಾಕು, ಒಂದು ಚಿಟಿಕೆ ಉಪ್ಪು, ಇನ್ನೊಂದು ಕುದಿ ಎಂದೆ. ಹಾಗೆಯೇ ಮಾಡಿದರು. ಸರಿಯಾಯಿತು. ಮೂವರ ತುಟಿಯೂ ನೇರಳೆ ಬಣ್ಣ. ಅತ್ತೆ ನಗುವಾಗ ಬಾಯಿ ಮುಚ್ಚಿಕೊಳ್ಳುತ್ತಿದ್ದರು.


೧೫ ಆಗಸ್ಟ್

ಬಾವುಟ ಏರಿಸುವಾಗ ಹಗ್ಗ ಸಿಕ್ಕಿಕೊಂಡು ಹೆಡ್ಮಾಸ್ತರರು ಬೆವರಿದರು. ಪಿ.ಟಿ. ಮೇಷ್ಟ್ರು ಕಂಬ ಹತ್ತಬೇಕಾಯಿತು. ಹುಡುಗರಿಗೆ ಮಂಡಕ್ಕಿಯ ಜೊತೆ ನೇರಳೆ ಸರಬತ್ತು ಹಂಚಿದೆವು. "ಎಲ್ಲಿಂದ ತರಿಸಿದ್ರಿ ಓಬಯ್ಯನೋರೆ?" ಎಂದು ಹೆಡ್ಮಾಸ್ತರರು ಕೇಳಿದರು. ತರಿಸಿದ್ದಲ್ಲ ಸಾರ್, ನಾನು ನನ್ನ ಹೆಂಡತಿ ಮಾಡಿದ್ದು ಎಂದೆ. ಎರಡನೆಯ ಲೋಟ ಇಸಕೊಂಡರು. ಮಧ್ಯಾಹ್ನ ಜೋರು ಮಳೆ. ಲ್ಯಾಬಿನ ಮಾಡು ಮತ್ತೆ ಸೋರುತ್ತಿದೆ, ಬರೆದು ತಿಳಿಸಬೇಕು.


೯ ಡಿಸೆಂಬರ್, ಭಾನುವಾರ

ಪಂಚಾಕ್ಷರಪ್ಪ ಬಂದಿದ್ದರು.

ಹತ್ತು ತಿಂಗಳ ಮೇಲೆ ನೋಡಿದ್ದು. ಸ್ವಲ್ಪ ದಪ್ಪಗಾಗಿದ್ದಾರೆ. ಜಗಲಿಯ ಮೇಲೆ ಕುಳಿತು ಶಾಲೆ, ಮಳೆ, ಅತ್ತೆಯ ಆರೋಗ್ಯ ಎಲ್ಲ ಕೇಳಿದರು. ಆಮೇಲೆ ಚೀಲದಿಂದ ಒಂದು ಬಾಟಲಿ ತೆಗೆದರು. ಈ ವರ್ಷದ್ದು. ಮನೆಯೊಳಗೆ ಬೇಡ, ಜಗಲಿಯ ಮೇಲೇ ಇರಲಿ ಎಂದೆ. ಒಳಗಿನಿಂದ ಒಂದು ಗ್ಲಾಸು ತಂದೆ.

"ಓಬಯ್ಯ, ಏನೋ ಕಮ್ಮಿ ಐತೆ ಇದ್ರಾಗೆ. ನಂಗೆ ಗೊತ್ತಾಗವಲ್ದು. ನೀನೇ ಹೇಳ್ಬೇಕು" ಎಂದರು. ಅವರ ದನಿಯಲ್ಲಿ ಹಳೆಯ ಸಲಿಗೆ ಇತ್ತು. ಒಂದು ಕ್ಷಣ ಪಂಚಿ ಎಂದು ಬಾಯಿಗೆ ಬಂದಿತ್ತು.

ಬಾಯಿಗೆ ಹಾಕಿಕೊಂಡೆ. ಮನಸ್ಸಿನಲ್ಲಿ ಏನಿತ್ತೆಂದು ಇಲ್ಲಿಯಾದರೂ ನಿಜ ಬರೆಯಬೇಕು: ಅದು ಕೆಟ್ಟಿರಲಿ ಎಂದು ಬಯಸಿದೆ. ನಾನಿಲ್ಲದೆ ಅದು ಹುಳಿಯಾಗಿರಲಿ, ಬರೀ ಸಿಹಿಯಾಗಿರಲಿ, ನಾಲೆಗೆ ಸುರಿಯುವಂತಿರಲಿ ಎಂದು. ಮೊದಲು ತಿಳಿಸಿಹಿ ಬಂತು. ತಡೆದು, ಹಿಂದಿನಿಂದ, ನೇರಳೆಯ ಒಗರು. ಹೋದ ವರ್ಷ ಹೆಚ್ಚಾಗಿತ್ತಲ್ಲ, ಈ ಸಲ ಅದೂ ಸರಿಯಾಗಿತ್ತು. ಏನೂ ಕಮ್ಮಿ ಇರಲಿಲ್ಲ.

"ಚೆನ್ನಾಗೈತೆ" ಎಂದೆ.

"ಇನ್ನೊಂದ್ಸಲ ನೋಡು."

ನೋಡಿದೆ. "ಏನೂ ಕಮ್ಮಿ ಇಲ್ಲ ಪಂಚಾಕ್ಷರಪ್ಪ. ಹೋದ ವರ್ಷದ್ದಕ್ಕಿಂತ ಚೆನ್ನಾಗೈತೆ."

ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಇಳಿಯಿತು. ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕುಳಿತರು. ಆಗ ತಿಳಿಯಿತು, ಅವರು ತಪ್ಪು ಹುಡುಕಿಸಿಕೊಳ್ಳಲು ಬಂದಿದ್ದರು. ಕಮ್ಮಿ ಇದೆ ಎಂದಿದ್ದರೆ, ನೀನಿಲ್ಲದೆ ಆಗುವುದಿಲ್ಲ ಬಾ ಎಂದು ಕೈ ಹಿಡಿದುಕೊಂಡು ಹೋಗುತ್ತಿದ್ದರು. ಕ್ಷಮೆ ಕೇಳದೆ ಮತ್ತೆ ಗೆಳೆಯರಾಗಲು ಅವರಿಗೆ ಅದೊಂದೇ ದಾರಿ ಕಂಡಿರಬೇಕು.

"ಜನವರ್ಯಾಗೆ ಮತ್ತೆ ಮೇಳ ಐತೆ. ಬರ್ತೀಯಲ್ಲ?"

"ಯಾರು ಅಂತ ಬರ್ಲಿ?"

ರಸ್ತೆಯಲ್ಲಿ ಯಾರದೋ ಕುರಿ ಹಿಂಡು ಹೋಗುತ್ತಿತ್ತು. ಅದು ದಾಟುವ ತನಕ ಅವರು ಅದನ್ನೇ ನೋಡಿದರು. "ಗೆಳೆಯ ಅಂತ ಬಾ. ನಾನೇನು ಇಲ್ಲ ಅಂದ್ನಾ?"

"ಆ ಬೆಂಗ್ಳೂರು ಸಾವ್ಕಾರ್ರು ಕೇಳಿದ್ರೂ ಹಂಗೇ ಹೇಳ್ತೀಯಾ?"

ಅವರು ಬಾಯಿ ತೆರೆದರು. ನಾನು ಕಾದೆ. ನಿಜವಾಗಿಯೂ ಕಾದೆ. ಹೌದು ಎಂದು ಸುಳ್ಳು ಹೇಳಿದ್ದರೂ ಸಾಕಾಗಿತ್ತು.

"ಅವ್ರು ಬರೋ ಹೊತ್ನಾಗೆ ನೀನು ಊಟದ ಕಡೆ ಹೋಗಿದ್ರಾತು" ಎಂದರು. ಬಹಳ ಮೃದುವಾಗಿ ಹೇಳಿದರು. ನನಗೆ ನೋವಾಗಬಾರದೆಂದು ತುಂಬ ಯೋಚನೆ ಮಾಡಿ ಒಂದು ಏರ್ಪಾಡು ಹುಡುಕಿದವರಂತೆ.

"ಬಾಟ್ಲಿ ತಗಂಡು ಹೋಗ್ರಿ. ನಮ್ಮನೇಲಿ ಇಡಂಗಿಲ್ಲ" ಎಂದೆ.

ನಾನು ಎಂದೂ ಅವರಿಗೆ ರೀ ಹಚ್ಚಿ ಮಾತಾಡಿದವನಲ್ಲ. ಅದು ಅವರಿಗೆ ತಟ್ಟಿತು. ಎದ್ದು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡರು. ಜಾವಾ ಮೂರು ನಾಲ್ಕು ಸಲ ಒದ್ದರೂ ಹೊತ್ತಿಕೊಳ್ಳಲಿಲ್ಲ. ನಾನು ಇಳಿದು ಹೋಗಿ ಹಿಂದಿನಿಂದ ತಳ್ಳಿದೆ. ಹೊತ್ತಿಕೊಂಡಿತು. ಹಿಂದೆ ನೋಡದೆ ಹೋದರು.

ಚಿತ್ತಮ್ಮ ಹೊರಗೆ ಬಂದು ನನ್ನ ಪಕ್ಕ ಕುಳಿತಳು.

"ಹೆಂಗಿತ್ತು?"

"ಬಾಳ ಚೆನ್ನಾಗಿತ್ತು."

"ಅಂಗೇ ಹೇಳಿದ್ರಾ?"

"ಅಂಗೇ ಹೇಳ್ದೆ."

ಅವಳು ಖಾಲಿ ಗ್ಲಾಸನ್ನು ಕೈಗೆತ್ತಿಕೊಂಡು, "ಒಂದು ಸುಳ್ಳು ಹೇಳಬೌದಿತ್ತಲ್ರಿ. ಅಷ್ಟು ದೂರದಿಂದ ಬಂದಿದ್ರು" ಎಂದಳು.

ಆಗ ನನಗೆ ಅಳು ಬಂತು. ಮೇಳದಿಂದ ಬಂದ ಬಸ್ಸಿನಲ್ಲಿ, ರಾಮಗಿರಿಯ ಕಟ್ಟೆಯ ಮೇಲೆ, ಎಲ್ಲಿಯೂ ಬಂದಿರದ ಅಳು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಹಾಡಹಗಲ ಬಿಸಿಲು, ನನ್ನ ವಿದ್ಯಾರ್ಥಿಗಳೂ ಇದ್ದರೇನೋ. ಚಿತ್ತಮ್ಮ ಒಳಗೆ ಬನ್ನಿ ಎಂದು ಕರೆಯಲಿಲ್ಲ. ಸೆರಗು ಹೊದ್ದು, ಯಾರು ನೋಡಿದರೆ ನೋಡಲಿ ಎಂಬಂತೆ, ಅಲ್ಲೇ ನನ್ನ ಪಕ್ಕ ಕುಳಿತಿದ್ದಳು.